ಮನೆ ಕಟ್ಟಿ ನೋಡು, ಕೋಟೆ ಅಳೆದು ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಗೃಹಸ್ಥರು ನಮ್ಮಲ್ಲಿ ಇರಲಾರರು. ಹಣದ ವೆಚ್ಚವನ್ನು ಕುರಿತು ಈ ಮಾತನ್ನು ಹೇಳುವುದು ವಾಡಿಕೆ. ಆದರೆ ಮನೆಯನ್ನು ಕಟ್ಟಿಸಿದವರೂ ಮಗಳ ಮದುವೆಯನ್ನು ನೆರವೇರಿಸಿದವರೂ ಬಲ್ಲಂತೆ, ಕಷ್ಟವೆಲ್ಲವೂ ಹಣದಲ್ಲಿಯೇ ಇರುವುದಿಲ್ಲ. ಬಡಗಿಯು ಬಂದ ದಿನ ಮರವು ಬಂದಿರುವುದಿಲ್ಲ. ಮರವು ಬಂದ ದಿನ ಬಡಗಿಯು ಇನ್ನೊಬ್ಬರ ಮನೆಯ ಕೆಲಸಕ್ಕೆ ಹೋಗಿರುತ್ತಾನೆ. ಅಡಿಗೆಯವರು ಬರೆದುಕೊಟ್ಟ ಸಾಮಾನಿನ ಪಟ್ಟಿಯು, ತರುತ್ತೇನೆಂದು ಒಪ್ಪಿಕೊಂಡವರ ಜೇಬಿನಲ್ಲಿಯೇ ಉಳಿದಿರುತ್ತದೆ. ಎಲ್ಲರೂ ಓಡಾಡುತ್ತಿರುತ್ತಾರೆ, ಯಾರೂ ಸೋಮಾರಿಗಳಲ್ಲ. ಆದರೂ ಕೆಲಸವು ನಿಂತಿರುತ್ತದೆ. ತನ್ನ ಪಾಲಿನ ಕೆಲಸವನ್ನು ಮಾಡಬಲ್ಲವರು ಊರಲ್ಲಿ ಅನೇಕರಿರುವರು. ಹಲವರ ಕೆಲಸವನ್ನು ಒಂದಕ್ಕೊಂದು ಹೊಂದಿಸಿ, ಹೇಳಿದ ದಿನಕ್ಕೆ, ಹೇಳಿದ ಹಣದಲ್ಲಿ ಕೊನೆ ಮುಟ್ಟಿಸಬಲ್ಲವರು ವಿರಳ.

ಈ ಹೊಂದಿಸುವ ವಿದ್ಯೆಗೆ ಈಗಿನವರು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ನಾವು ಕಾರ್ಯನಿರ್ವಹಣೆ ಎನ್ನಬಹುದು. ಇಂಜನಿಯರಿಂಗ್ ಕಾಲೇಜುಗಳಲ್ಲಿಯೂ ವಾಸ್ತುಶಿಲ್ಪದ ಶಾಲೆಗಳಲ್ಲಿಯೂ ಇದನ್ನು ಪಾಠವಾಗಿ ಹೇಳಿಕೊಡುವರು. ಆದರೆ ಈಜುವುದನ್ನು ಪುಸ್ತಕದಿಂದ ಕಲಿಯಲಾಗದಂತೆ ಇದನ್ನೂ ಪುಸ್ತಕದಿಂದ ಮಾತ್ರವೇ ಕಲಿಯಲಾಗದು. ಅದಕ್ಕಾಗಿ ವಿದ್ಯಾರ್ಥಿಗಳನ್ನು ಐದಾರು ಮಂದಿಯ ತಂಡಗಳಾಗಿ ಮಾಡಿ, ಅವರಿಗೆ ಒಂದು ನಿಜವಾದ ಕೆಲಸವನ್ನು ಒಪ್ಪಿಸುವ ಪದ್ಧತಿಯುಂಟು. ಹಾಗೆ ಒಪ್ಪಿಸುವ ಕೆಲಸಗಳಲ್ಲಿ, ಹಳೆಯದೊಂದು ಕೋಟೆಯನ್ನೋ ದೇವಾಲಯವನ್ನೋ ಅಳೆದು, ಅದರ ರಕ್ಷಣೆಗೂ ನೋಡಬಂದವರ ಅನುಕೂಲಕ್ಕೂ ಒಂದು ನಕ್ಷೆಯನ್ನು ಸಿದ್ಧಪಡಿಸುವುದು ಬಹಳ ಪ್ರಯೋಜನಕಾರಿಯಾದುದೆಂದು ನಮ್ಮ ಅಭಿಪ್ರಾಯ.

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಮಗ್ಗೆಯ ಸುತ್ತಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ನಾಲ್ಕಾರು ಮೆಣಸಿನ ಬಳ್ಳಿ. ಮಗನೋ ಮಗಳೋ ಹಾಸನದಲ್ಲಿ ಇಂಜನಿಯರಿಂಗ್ ಓದುತ್ತಿರುವರು. ಅಲ್ಲಿಯ ಮಲೆನಾಡು ಇಂಜನಿಯರಿಂಗ್ ಕಾಲೇಜು ೧೯೬೦ರಲ್ಲಿ ಆರಂಭವಾದಂದಿನಿಂದ ಈ ಸೀಮೆಯ ಮಕ್ಕಳಿಗೆ ಆ ವಿದ್ಯೆಯು ದೂರದ್ದಾಗಿ ಉಳಿದಿಲ್ಲ. ಅಂತಹ ಮಗುವು ರಜೆಯಲ್ಲಿ ಮನೆಗೆ ಬಂದು, “ನಾವು ಆರು ಜನ ಸೇರಿ ಮಂಜರಾಬಾದಿನ ಕೋಟೆಯನ್ನು ಅಳೆಯಬೇಕಾಗಿದೆ” ಎಂದರೆ, ತಂದೆಯು ಏನೆಂದಾನು? “ಕೋಟೆ ಅಳೆದರೆ ಹೊಟ್ಟೆ ತುಂಬೀತೇನಪ್ಪ?” ಎಂದೇ ಕೇಳುವನು. ಪ್ರಶ್ನೆಯು ನ್ಯಾಯವಾದುದು. ಕಾಲೇಜಿನ ಶುಲ್ಕವನ್ನು ಕಾಫಿಯ ಹಣದಿಂದ ಕಟ್ಟುವವನಿಗೆ ಅದನ್ನು ಕೇಳುವ ಹಕ್ಕುಂಟು. ಅದಕ್ಕೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಕೋಟೆಯ ಪರಿಚಯ

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಐದಾರು ಕಿಲೋಮೀಟರು ಸಾಗಿದರೆ, ದೋಣಿಗಾಲಿನ ಬಳಿ ಹೆದ್ದಾರಿಯ ಪಕ್ಕದಲ್ಲಿಯೇ ಒಂದು ಗುಡ್ಡವಿದೆ. ಅದರ ನೆತ್ತಿಯ ಮೇಲೆ, ಸಮುದ್ರಮಟ್ಟಕ್ಕಿಂತ ೯೮೮ ಮೀಟರು ಎತ್ತರದಲ್ಲಿ, ಮಂಜರಾಬಾದಿನ ಕೋಟೆಯು ನಿಂತಿದೆ. ಟಿಪ್ಪು ಸುಲ್ತಾನನು ಇದನ್ನು ೧೭೯೨ರಲ್ಲಿ ಪೂರ್ತಿಗೊಳಿಸಿದನು. ಕರಾವಳಿಯಿಂದ ಘಟ್ಟವನ್ನೇರಿ ಬರುವ ದಾರಿಯನ್ನು ಕಾಯುವುದು ಇದರ ಕೆಲಸವಾಗಿತ್ತು. ಇದರ ಆಕಾರವು ಎಂಟು ಮೊನೆಗಳುಳ್ಳ ನಕ್ಷತ್ರದಂತಿದೆ. ಫ್ರಾನ್ಸ್ ದೇಶದಲ್ಲಿ ವೋಬಾಂ (೧೬೩೩–೧೭೦೭) ಎಂಬ ಇಂಜನಿಯರನು ಪ್ರಸಿದ್ಧಿಗೆ ತಂದ ಮಾದರಿಯಿದು. ದುಂಡಾದ ಅಥವಾ ಚೌಕವಾದ ಬುರುಜಿನ ಬುಡದಲ್ಲಿ ಶತ್ರುವು ಅಡಗಿದರೆ ಮೇಲಿನವರಿಗೆ ಅವನು ಕಾಣಿಸುವುದಿಲ್ಲ. ನಕ್ಷತ್ರದ ಕೋಟೆಯಲ್ಲಿಯಾದರೋ ಒಂದು ಮೊನೆಯ ಬುಡವು ಪಕ್ಕದ ಮೊನೆಯಲ್ಲಿ ನಿಂತವರ ಕಣ್ಣಿಗೆ ಬೀಳುತ್ತದೆ.

ಹೊರಗಿನ ಗೋಡೆಗಳು ಕಲ್ಲು ಗಾರೆಗಳಿಂದಲೂ, ಒಳಗಿನ ವಸತಿ ಉಗ್ರಾಣಗಳು ಸುಟ್ಟ ಇಟ್ಟಿಗೆಯಿಂದಲೂ ಕಟ್ಟಲ್ಪಟ್ಟಿವೆ. ನಡುವೆ ಮೆಟ್ಟಿಲುಗಳಿರುವ ಕೊಳವೊಂದಿದೆ. ಅದರ ಬಳಿ ಮದ್ದುಗುಂಡುಗಳನ್ನು ಇರಿಸುತ್ತಿದ್ದ ನೆಲಮಾಳಿಗೆಯ ಕೋಣೆಗಳಿವೆ. ಕೋಟೆಯ ಹೆಸರು ಎಷ್ಟು ಬೇರೂರಿತ್ತೆಂದರೆ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದು ತಾಲ್ಲೂಕೆಂದೇ ಹೆಸರಿತ್ತು. ಮಗ್ಗೆಯವರಿಗೆ ಇದು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಸ್ಥಳ. ಈ ಕೋಟೆಯ ಕೆಲಸವನ್ನು ಹಿಡಿದ ಮೂವರು ಹುಡುಗರು, ಮೂವರು ಹುಡುಗಿಯರ ಒಂದು ತಂಡವನ್ನು ನಾವು ಊಹಿಸಿಕೊಂಡು, ಅವರಿಗೆ ಏನೇನು ಎದುರಾಗುವುದೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಪಾಠ: ಮೇರೆ

ಎಳೆಯರು ಮೊದಲ ದಿನ ಕೋಟೆಯನ್ನು ಹತ್ತಿ ಇಳಿದ ಕೂಡಲೇ ಅವರ ತಲೆಯಲ್ಲಿ ನೂರು ಯೋಚನೆಗಳು ಹುಟ್ಟುವುವು. ಕೊಳದ ಸುತ್ತಲೂ ಬಣ್ಣದ ದೀಪ, ಬುರುಜಿನ ಮೇಲೆ ಕಾಫಿಯ ಅಂಗಡಿ, ಗೋಡೆಯಿಂದ ಗೋಡೆಗೆ ಗಾಜಿನ ಸೇತುವೆ! ಉಪಾಧ್ಯಾಯರು ಆಗ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದು ಯಾರಿಗಾಗಿ? ತಪ್ಪೆಂದು ತಿಳಿದ ಮೇಲೆ ಇದನ್ನು ಕಲ್ಲಿಗೆ ಗಾಯವಾಗದಂತೆ ತೆಗೆದುಹಾಕಬಹುದೇ? ೧೯೬೪ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಹಳೆಯ ಸ್ಮಾರಕಗಳ ವಿಷಯವಾಗಿ ಒಂದು ಸನ್ನದನ್ನು ಒಪ್ಪಿಕೊಂಡರು. ಬಿದ್ದುಹೋದ ಭಾಗಕ್ಕೆ ಬದಲಾಗಿ ಹೊಸದನ್ನು ಸೇರಿಸಿದರೆ ಅದು ಒಟ್ಟಿಗೆ ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತು ಸಿಕ್ಕುವಂತೆಯೂ ಇರಬೇಕು, ನೋಡುವವರಿಗೆ ಮೋಸವಾಗಬಾರದು ಎಂಬುದು ಅದರ ಒಂದು ಮುಖ್ಯ ನಿಯಮ.

ಈ ಪ್ರಶ್ನೆಗಳ ಜರಡಿಯಲ್ಲಿ ಹಾದು ಬಂದಾಗ ನೂರು ಯೋಚನೆಗಳಲ್ಲಿ ನಾಲ್ಕು ಉಳಿಯಬಹುದು. ಗುಡ್ಡವನ್ನೇರುವ ದಾರಿ ಜಾರದಂತಿರುವುದು, ಮಳೆಯ ನೀರು ಗೋಡೆಯ ಬುಡದಲ್ಲಿ ನಿಲ್ಲದೆ ಹರಿದುಹೋಗುವುದು, ಯಾವ ಕೋಣೆ ಯಾವುದಕ್ಕಿತ್ತೆಂದು ತಿಳಿಸುವ ಫಲಕಗಳು, ಕುಡಿಯುವ ನೀರು ಮತ್ತು ಶೌಚಾಲಯಗಳು ಕೋಟೆಯ ಹೊರಗೆ, ಗುಡ್ಡದ ಕೆಳಗೆ. ಈ ನಾಲ್ಕನ್ನು ಬರೆದಿಡುವಂತೆ, ಕೈಬಿಟ್ಟವುಗಳನ್ನೂ ಕಾರಣಸಹಿತವಾಗಿ ಬರೆದಿಡಬೇಕು. ಇಲ್ಲದಿದ್ದರೆ ಎಂಟನೆಯ ವಾರದಲ್ಲಿ ಒಬ್ಬನು ಗಾಜಿನ ಸೇತುವೆಯನ್ನು ಮತ್ತೆ ಎತ್ತುವನು. ಮನೆ ಕಟ್ಟುವಾಗ ಗೋಡೆ ಎದ್ದ ಮೇಲೆ “ಇಲ್ಲೊಂದು ಕೋಣೆ ಇದ್ದಿದ್ದರೆ” ಎನ್ನುವವರಿಂದ ಎಷ್ಟು ಹಣ ಹಾಳಾಗುವುದೆಂಬುದನ್ನು ಗೃಹಸ್ಥರಿಗೆ ನಾವು ಹೇಳಬೇಕಾದುದಿಲ್ಲ.

ಎರಡನೆಯ ಪಾಠ: ಕ್ರಮ

ಎರಡನೆಯದು ಯಾವುದರ ಹಿಂದೆ ಯಾವುದು ಎಂಬ ವಿಚಾರ. ತಂಡಕ್ಕೆ ಹನ್ನೆರಡು ವಾರಗಳ ಅವಧಿಯಿದೆ ಎಂದಿಟ್ಟುಕೊಳ್ಳೋಣ. ರಕ್ಷಿತ ಸ್ಮಾರಕವನ್ನು ಅಳೆಯಲು ಇಲಾಖೆಯ ಅಪ್ಪಣೆ ಬೇಕು. ಅದಕ್ಕೆ ಮೂರು ವಾರ. ಅಳತೆಗೆ ಎರಡು, ನಕ್ಷೆ ಬರೆಯಲು ಮೂರು, ಹೊಸ ಏರ್ಪಾಡುಗಳ ವಿನ್ಯಾಸಕ್ಕೆ ಎರಡು, ಖರ್ಚಿನ ಅಂದಾಜಿಗೆ ಒಂದು, ಒಟ್ಟುಗೂಡಿಸಿ ಒಪ್ಪಿಸಲು ಒಂದು, ಸರಿಯಾಗಿ ಹನ್ನೆರಡಾಯಿತು. ಇವುಗಳಲ್ಲಿ ಒಂದು ಮುಗಿಯದೆ ಇನ್ನೊಂದು ಆರಂಭವಾಗುವಂತಿಲ್ಲ. ಅಳತೆಯಿಲ್ಲದೆ ನಕ್ಷೆಯಿಲ್ಲ, ನಕ್ಷೆಯಿಲ್ಲದೆ ವಿನ್ಯಾಸವಿಲ್ಲ. ಆದರೆ ಕೋಟೆಯ ಚರಿತ್ರೆಯನ್ನು ಓದುವ ನಾಲ್ಕು ವಾರಗಳ ಕೆಲಸವೂ, ಅಲ್ಲಿಯ ಕಾವಲುಗಾರರು, ಅಂಗಡಿಯವರು, ಸುತ್ತಿನ ಹಳ್ಳಿಯವರು ಇವರೊಡನೆ ಮಾತನಾಡುವ ಎರಡು ವಾರಗಳ ಕೆಲಸವೂ ಇವುಗಳ ಜೊತೆಯಲ್ಲಿಯೇ ನಡೆಯಬಹುದು. ಎಂಟನೆಯ ವಾರದ ಕೊನೆಗೆ, ವಿನ್ಯಾಸವು ಆರಂಭವಾಗುವುದರೊಳಗಾಗಿ, ಅವು ಮುಗಿದರೆ ಸಾಕು.

ಇದರಿಂದ ತಿಳಿಯುವುದೇನು? ಚರಿತ್ರೆ ಓದುವವನು ಒಂದು ವಾರ ತಡಮಾಡಿದರೆ ನಷ್ಟವಿಲ್ಲ. ಅವನಿಗೆ ಎರಡು ವಾರಗಳ ಬಿಡುವುಂಟು. ಅಳತೆಯವರು ಒಂದು ವಾರ ತಡಮಾಡಿದರೆ ಇಡೀ ಕಾರ್ಯವೇ ಒಂದು ವಾರ ಹಿಂದೆ ಬೀಳುತ್ತದೆ. ಹೀಗೆ ಬಿಡುವಿಲ್ಲದ ಕೆಲಸಗಳ ಸರಪಣಿಯನ್ನು ಹುಡುಕಿ ಅದರ ಮೇಲೆಯೇ ಕಣ್ಣಿಡುವ ಉಪಾಯವನ್ನು ಅಮೆರಿಕದ ಡ್ಯೂಪಾಂಟ್ ಕಂಪೆನಿಯವರು ೧೯೫೭ರಲ್ಲಿಯೂ, ಅದನ್ನು ಹೋಲುವ ಇನ್ನೊಂದನ್ನು ಆ ದೇಶದ ನೌಕಾಪಡೆಯವರು ಪೊಲಾರಿಸ್ ಕ್ಷಿಪಣಿಗಾಗಿ ೧೯೫೮ರಲ್ಲಿಯೂ ರೂಪಿಸಿದರು. ಅದಕ್ಕೂ ಹಿಂದೆ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಹೆನ್ರಿ ಗ್ಯಾಂಟ್ ಎಂಬ ಇಂಜನಿಯರು ಕೆಲಸಗಳನ್ನು ಸಾಲಾಗಿಯೂ ದಿನಗಳನ್ನು ಅಡ್ಡವಾಗಿಯೂ ಬರೆದು, ಪಟ್ಟಿಗಳಿಂದ ತೋರಿಸುವ ಚಿತ್ರವನ್ನು ಬಳಕೆಗೆ ತಂದಿದ್ದನು. ಈಗಲೂ ಅದಕ್ಕೆ ಅವನದೇ ಹೆಸರು.

ಆದರೆ ಪಟ್ಟಿಯನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಕೆಲಸವು ನಡೆಯದು. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಲ್ಲಿ, ಮಂಜಿನಲ್ಲಿ, ಇಂಬಳಗಳ ನಡುವೆ ಕೋಟೆಯನ್ನು ಅಳೆಯಲಾಗದು. ಬಿಸಿಲು ಚೆನ್ನಾಗಿ ಬೀಳುವ ಡಿಸೆಂಬರ್, ಜನವರಿಯಲ್ಲಿ ಅಳೆಯೋಣವೆಂದರೆ ಅದೇ ಕಾಫಿ ಕೊಯ್ಲಿನ ಕಾಲ. ಮಗ್ಗೆಯ ಕಡೆಯ ಸಣ್ಣ ಬೆಳೆಗಾರರ ಮನೆಗಳಲ್ಲಿ ಆಗ ಒಂದೊಂದು ಕೈಯೂ ಬೇಕು. ಸಂಜೆಯ ತನಕ ಕೋಟೆಯಲ್ಲಿ ನಿಲ್ಲೋಣವೆಂದರೆ, ಆಲೂರು ಸಕಲೇಶಪುರಗಳ ಸೀಮೆಯಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಕತ್ತಲಾಗುವುದರೊಳಗಾಗಿ ಮನೆ ಸೇರಲೇಬೇಕು. ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಈ ಮೂರು ಕಟ್ಟುಗಳನ್ನು ತಂಡವು ತಾನೇ ಕಂಡುಕೊಳ್ಳಬೇಕು.

ಪರಿಹಾರವೂ ಮನೆಯಲ್ಲಿಯೇ ಇದೆ. ಮಳೆಯ ದಿನಗಳಲ್ಲಿ ಮಾಡಬಹುದಾದ ಕೆಲಸವನ್ನು ಬಿಸಿಲಿನ ದಿನಗಳಿಗೆ ಉಳಿಸಿಕೊಳ್ಳಬಾರದೆಂಬುದು ಬೇಸಾಯಗಾರನು ಬಲ್ಲ ಮಾತು. ಅಪ್ಪಣೆಯ ಅರ್ಜಿಗೆ ಬಿಸಿಲು ಬೇಕಾಗಿಲ್ಲ. ಅದನ್ನು ಸೆಪ್ಟೆಂಬರಿನಲ್ಲಿಯೇ ಬರೆಯಬಹುದು. ಚರಿತ್ರೆಯನ್ನು ಮಳೆಯ ಸದ್ದಿನಲ್ಲಿ ಓದಬಹುದು. ಹಾಗೆ ಮಾಡಿದರೆ ಮಳೆ ತೆರವಾದೊಡನೆಯೇ, ಕೊಯ್ಲು ಬಿರುಸಾಗುವುದಕ್ಕೆ ಮುಂಚೆ, ಅಳತೆಯನ್ನು ಮುಗಿಸಿಕೊಳ್ಳಬಹುದು. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು” ಎನ್ನಿಸಿಕೊಳ್ಳದಿರಲು ಇದೊಂದೇ ದಾರಿ.

ಮೂರನೆಯ ಪಾಠ: ಒಪ್ಪಿಕೊಳ್ಳುವುದು

ಮೂರನೆಯ ಪಾಠವೇ ಎಲ್ಲಕ್ಕಿಂತಲೂ ಕಠಿಣವಾದುದು. ಎಂಟು ಮೊನೆಗಳ ನಕ್ಷತ್ರಕ್ಕೆ ಸ್ಥೂಲವಾಗಿ ಹದಿನಾರು ಭುಜಗಳು, ಹದಿನಾರು ಕೋನಗಳು. ಎಂತಹ ಆಕಾರದ್ದೇ ಆಗಲಿ, ಹದಿನಾರು ಭುಜಗಳ ಆಕೃತಿಯ ಒಳಕೋನಗಳನ್ನು ಕೂಡಿಸಿದರೆ ೨೫೨೦ ಅಂಶಗಳೇ ಬರಬೇಕೆಂದು ರೇಖಾಗಣಿತವು ಹೇಳುತ್ತದೆ. ಒಂದು ಮೂಲೆಯಿಂದ ಹೊರಟು ಗೋಡೆಯ ಉದ್ದಕ್ಕೂ ಅಳೆಯುತ್ತ ಬಂದವರು, ಕಾಗದದ ಮೇಲೆ ಕೊನೆಯ ಗೆರೆಯನ್ನೆಳೆದಾಗ ಹೊರಟ ಬಿಂದುವಿಗೇ ಬಂದು ಸೇರಬೇಕು. ಸೇರದಿದ್ದರೆ? ಎಲ್ಲಿಯೋ ಯಾರೋ ತಪ್ಪಿರುವರು.

ಮನಸ್ತಾಪವು ಹುಟ್ಟುವುದು ಇಲ್ಲಿಯೇ. ಟೇಪಿನ ತುದಿಯ ಹತ್ತು ಸೆಂಟಿಮೀಟರು ಮುರಿದುಹೋದದ್ದನ್ನು ಒಬ್ಬಳು ಗಮನಿಸದೆ ಅಳೆದಿದ್ದರೆ, ಹದಿನಾರು ಭುಜಗಳಿಗೆ ಸುತ್ತಳತೆಯು ೧೬೦ ಸೆಂಟಿಮೀಟರು ಹೆಚ್ಚಾಗುವುದು. ಒಂದು ಅಂಕೆಯನ್ನು ಇನ್ನೊಬ್ಬನು ತಿರುವುಮುರುವಾಗಿ ಬರೆದಿದ್ದರೆ ನಕ್ಷತ್ರವು ಬಾಯಿ ತೆರೆದು ನಿಲ್ಲುವುದು. ಆಗ ಅನುಭವವಿಲ್ಲದ ತಂಡವು ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿಯುವುದು: ಒಬ್ಬರನ್ನೊಬ್ಬರು ದೂರುವುದು, ಇಲ್ಲವೇ ಯಾರಿಗೂ ಹೇಳದೆ ಗೆರೆಯನ್ನು ಸ್ವಲ್ಪ ಬಗ್ಗಿಸಿ ಮೊನೆಯನ್ನು ಸೇರಿಸಿಬಿಡುವುದು. ಎರಡನೆಯದು ಹೆಚ್ಚಿನ ಕೇಡು. ಆ ಸುಳ್ಳು ಗೆರೆಯ ಮೇಲೆ ವಿನ್ಯಾಸ, ವಿನ್ಯಾಸದ ಮೇಲೆ ಅಂದಾಜು, ಅಂದಾಜಿನ ಮೇಲೆ ಮುಂದೊಂದು ದಿನ ನಿಜವಾದ ಕಲ್ಲು ನಿಲ್ಲುವುದು.

ಭೂಮಾಪಕರು ಇದಕ್ಕೆ ಒಂದು ಒಳ್ಳೆಯ ಸಂಪ್ರದಾಯವನ್ನು ಮಾಡಿಕೊಂಡಿರುವರು. ಸ್ಥಳದಲ್ಲಿ ಬರೆಯುವ ಅಳತೆಯ ಪುಸ್ತಕದಲ್ಲಿ ರಬ್ಬರಿನಿಂದ ಅಳಿಸಕೂಡದು. ತಪ್ಪಾದ ಅಂಕೆಯ ಮೇಲೆ ಒಂದೇ ಗೆರೆಯನ್ನೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಅಳೆದವರ ಹೆಸರು, ತಾರೀಖು ಇರಬೇಕು. ತೋಟದ ರೈಟರು ಹಾಜರಿ ಪುಸ್ತಕವನ್ನು ಬರೆಯುವುದೂ ಹೀಗೆಯೇ ಅಲ್ಲವೇ? ಅಳಿಸಿದ ಗುರುತಿದ್ದರೆ ಬಟವಾಡೆಯ ದಿನ ಜಗಳವಾಗುವುದು. ಹೀಗೆ ಬರೆದಿಟ್ಟ ತಂಡದವರು ತಪ್ಪಿನ ಜಾಗವನ್ನು ಒಂದು ಗಳಿಗೆಯಲ್ಲಿ ಹುಡುಕಬಲ್ಲರು, ಮತ್ತು “ಆ ಅಳತೆ ನನ್ನದು, ನಾಳೆ ಮತ್ತೆ ಅಳೆಯುತ್ತೇನೆ” ಎಂದು ಹೇಳುವುದನ್ನು ಕಲಿಯುವರು. ಪರೀಕ್ಷೆಯಲ್ಲಿ ಒಬ್ಬನು ಮಾಡಿದ ತಪ್ಪಿಗೆ ಅವನೊಬ್ಬನೇ ಅಂಕ ಕಳೆದುಕೊಳ್ಳುವನು. ಇಲ್ಲಿ ಒಬ್ಬನ ತಪ್ಪು ಇನ್ನೊಬ್ಬನ ಕೆಲಸದ ಮೇಲೆ ಬೀಳುವುದು. ತರಗತಿಯಲ್ಲಿ ಎಷ್ಟು ಹೇಳಿದರೂ ತಿಳಿಯದ ಜವಾಬ್ದಾರಿಯು ಇದರಿಂದ ತಾನಾಗಿ ತಿಳಿಯುತ್ತದೆ.

ಇತರ ಕಡೆಗಳ ಅನುಭವ

ಎಳೆಯರ ಇಂತಹ ಕೆಲಸದಿಂದ ಲೋಕಕ್ಕೆ ಪ್ರಯೋಜನವಾದುದುಂಟೇ ಎಂದು ಕೇಳುವವರಿಗೆ ನಮ್ಮ ಹಂಪೆಯೇ ಉತ್ತರ. ೧೯೮೦ರಿಂದ ಎರಡು ದಶಕಗಳ ಕಾಲ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಚೆಲ್ ಎಂಬ ವಿದ್ವಾಂಸರು ಹಾಳೂರಿನ ನಡುವೆ ಬಿಡಾರ ಹೂಡಿ, ಭಾರತದ ಮತ್ತು ಹೊರದೇಶಗಳ ತರುಣ ತರುಣಿಯರನ್ನು ಸೇರಿಸಿಕೊಂಡು ವಿಜಯನಗರದ ಕಟ್ಟಡಗಳನ್ನು ಅಳೆದು ಬರೆಯಿಸಿದರು. ಅಷ್ಟು ದೊಡ್ಡ ಪಟ್ಟಣವನ್ನು ಹೇಗೆ ಹಂಚಿಕೊಳ್ಳುವುದು? ಭೂಪಟವನ್ನು ಚೌಕಗಳಾಗಿ ಮಾಡಿ, ಚೌಕವನ್ನು ಚಿಕ್ಕ ಚೌಕಗಳಾಗಿ ಒಡೆದು, ಪ್ರತಿಯೊಂದಕ್ಕೂ ಅಕ್ಷರಗಳನ್ನೂ ಪ್ರತಿಯೊಂದು ಕಟ್ಟಡಕ್ಕೂ ಸಂಖ್ಯೆಯನ್ನೂ ಕೊಟ್ಟರು. ಯಾವ ಚೌಕ ಮುಗಿಯಿತು, ಯಾವುದು ಉಳಿಯಿತು ಎಂಬುದು ಹೊಸದಾಗಿ ಬಂದವರಿಗೂ ತಿಳಿಯುವಂತಾಯಿತು. ಆನೆಯಂತಹ ಕೆಲಸವನ್ನು ಒಬ್ಬೊಬ್ಬರ ಕೈಗೆ ನಿಲುಕುವಷ್ಟಾಗಿ ಒಡೆಯುವುದೇ ಕಾರ್ಯನಿರ್ವಹಣೆಯ ಅರ್ಧ ಭಾಗ.

ಅಮೆರಿಕದಲ್ಲಿ ೧೯೩೩ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಚಾರ್ಲ್ಸ್ ಪೀಟರ್ಸನ್ ಎಂಬವರ ಸಲಹೆಯಂತೆ, ಕೆಲಸವಿಲ್ಲದ ವಾಸ್ತುಶಿಲ್ಪಿಗಳನ್ನು ಹಳೆಯ ಕಟ್ಟಡಗಳ ಅಳತೆಗೆ ನೇಮಿಸಿದರು. ೧೯೫೦ರ ದಶಕದಿಂದ ಆ ಕಾರ್ಯವು ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳ ತಂಡಗಳಿಂದ ಮುಂದುವರಿಯಿತು. ಅಳೆದ ಕಟ್ಟಡಗಳಲ್ಲಿ ಎಷ್ಟೋ ಬಿದ್ದುಹೋಗಿವೆ. ನಕ್ಷೆಗಳು ಮಾತ್ರ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿವೆ.

ಪ್ಯಾರಿಸಿನ ನೋತ್ರ ದಾಮ್ ಇಗರ್ಜಿಯ ಕಥೆಯು ಇನ್ನೂ ಸ್ಪಷ್ಟವಾದುದು. ೨೦೧೪ರಲ್ಲಿ ರೆಮಿ ಫ್ರೋಮೋಂ, ಸೆಡ್ರಿಕ್ ಟ್ರಾಂತ್ಸೋ ಎಂಬ ಇಬ್ಬರು ವಾಸ್ತುಶಿಲ್ಪಿಗಳು, ತಮ್ಮ ವಿಶೇಷ ವ್ಯಾಸಂಗದ ಅಂಗವಾಗಿ, ಅದರ ಮಾಡಿನೊಳಗಿನ ಓಕ್ ಮರದ ಚೌಕಟ್ಟನ್ನು ಅಳೆದು ಬರೆದಿಟ್ಟರು. ೨೦೧೯ರ ಏಪ್ರಿಲ್ ೧೫ರಂದು ಆ ಮಾಡು ಬೆಂಕಿಗೆ ಆಹುತಿಯಾಯಿತು. ಅದನ್ನು ಇದ್ದಂತೆಯೇ ಮತ್ತೆ ಕಟ್ಟಲು ಅವರ ನಕ್ಷೆಗಳು ಆಧಾರವಾದುವು. ೨೦೨೪ರ ಡಿಸೆಂಬರಿನಲ್ಲಿ ಇಗರ್ಜಿಯ ಬಾಗಿಲು ಮರಳಿ ತೆರೆಯಿತು. ಅಳೆಯುವ ದಿನ ಅವರಿಗೆ ಬೆಂಕಿಯ ಕನಸೂ ಇದ್ದಿರಲಾರದು.

ನಮ್ಮ ಸೀಮೆಯ ಮಾತು

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಗ್ಗೆಯವರಿಗೆ ಹೇಮಾವತಿಯು ಅಪರಿಚಿತಳಲ್ಲ. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದಾಗ ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದುವು. ಮನೆಗಳು, ಗದ್ದೆಗಳು, ಕಟ್ಟೆಗಳು, ಗುಡಿಗಳು ನೀರಿನ ಪಾಲಾದುವು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿಯು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ತಲೆಯೆತ್ತುವುದನ್ನು ನೋಡಲು ಜನರು ಬರುತ್ತಲೇ ಇರುವರು. ಈಚಿನ ವರ್ಷಗಳಲ್ಲಿ ಅದರ ಗೋಡೆಗಳ ಕೆಲವು ಭಾಗಗಳು ಕುಸಿದಿವೆ. ಬಿದ್ದ ಗೋಡೆಯನ್ನು ಯಾರೂ ಅಳೆಯಲಾರರು. ಇದಕ್ಕೆ ಪ್ರತಿಯಾಗಿ, ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಾಲಯವನ್ನು, ಕಲ್ಲುಗಳಿಗೆ ಸಂಖ್ಯೆಗಳನ್ನು ಬರೆದು ಬಿಚ್ಚಿ, ಎತ್ತರದ ನೆಲದಲ್ಲಿ ಮತ್ತೆ ನಿಲ್ಲಿಸಿದುದನ್ನು ನಾವು ಕಂಡಿದ್ದೇವೆ. ಕಲ್ಲನ್ನು ಹೊತ್ತವರ ಬಲವೆಷ್ಟೋ, ಸಂಖ್ಯೆಯನ್ನು ತಪ್ಪದೆ ಬರೆದವರ ಎಚ್ಚರಿಕೆಯೂ ಅಷ್ಟೇ ಮುಖ್ಯವಾಯಿತು.

೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಈ ಪಟ್ಟಿಗೆ ಸೇರಲು ಶಿಲ್ಪದ ಸೊಗಸೊಂದೇ ಸಾಲದು. ಸ್ಥಳವನ್ನು ಯಾರು, ಹೇಗೆ ನೋಡಿಕೊಳ್ಳುವರೆಂಬ ನಿರ್ವಹಣೆಯ ವ್ಯವಸ್ಥೆಯನ್ನೂ ತೋರಿಸಬೇಕೆಂದು ಅವರ ನಿಯಮವಿದೆ. ಆ ವ್ಯವಸ್ಥೆಯನ್ನು ನಡೆಸುವವರು ಎಲ್ಲಿಂದಲೋ ಬರಬೇಕೇ? ಈ ಜಿಲ್ಲೆಯ ಮಕ್ಕಳೇ ಏಕಾಗಬಾರದು?

ಆದುದರಿಂದ, ಕೋಟೆ ಅಳೆದರೆ ಹೊಟ್ಟೆ ತುಂಬೀತೇ ಎಂದು ಕೇಳಿದ ತಂದೆಗೆ ನಮ್ಮ ಉತ್ತರವಿಷ್ಟೆ. ಕೋಟೆಯು ಅನ್ನವನ್ನು ಕೊಡಲಾರದು. ಆದರೆ ಮೇರೆಯನ್ನು ಗುರುತಿಸಿ, ಕ್ರಮವನ್ನು ಗೊತ್ತುಮಾಡಿ, ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳಬಲ್ಲ ಮಗನಾಗಲಿ ಮಗಳಾಗಲಿ, ಸೇತುವೆಯನ್ನು ಕಟ್ಟಿಸಲಿ, ಆಸ್ಪತ್ರೆಯನ್ನು ನಡೆಸಲಿ, ನಿಮ್ಮ ತೋಟವನ್ನೇ ನೋಡಿಕೊಳ್ಳಲಿ, ಕೈಹಿಡಿದ ಕೆಲಸವನ್ನು ನಡುವೆ ಬಿಡುವವರಾಗರು. ಈ ಪಾಠವನ್ನು ಹೊಸ ಕಟ್ಟಡದಲ್ಲಿಯೂ ಕಲಿಯಬಹುದು. ಆದರೆ ಹೊಸ ಗೋಡೆ ಕೆಟ್ಟರೆ ಕೆಡವಿ ಕಟ್ಟಬಹುದು. ೧೭೯೨ರ ಗೋಡೆಗೆ ಆ ಉಪಾಯವಿಲ್ಲ. ಎಚ್ಚರಿಕೆಯನ್ನು ಕಲಿಸಲು ಅದಕ್ಕಿಂತ ತಕ್ಕ ಗುರುವಿಲ್ಲ.

ಕಾಲೇಜಿನವರೆಗೆ ಕಾಯಬೇಕಾದುದೂ ಇಲ್ಲ. ಊರ ಹೊರಗಿನ ವೀರಗಲ್ಲು, ಕೆರೆಯ ತೂಬು, ಹಾಳು ಬಿದ್ದ ಮಂಟಪ, ಇಂತಹುದೊಂದು ಇಲ್ಲದ ಹಳ್ಳಿಯು ನಮ್ಮಲ್ಲಿ ಅಪರೂಪ. ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಊರೂರಿನಿಂದ ಸಂಗ್ರಹಿಸಿ ೧೯೦೨ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನಿಮ್ಮ ಸುತ್ತಿನ ಕಲ್ಲುಗಳು ಇವೆಯೇ, ಇದ್ದರೆ ಅವು ಈಗಲೂ ಇದ್ದಲ್ಲಿಯೇ ಇವೆಯೇ ಎಂದು ನೋಡುವುದೇ ಮಕ್ಕಳಿಗೆ ಒಂದು ರಜೆಯ ಕೆಲಸವಾದೀತು. ನಾಲ್ವರು ಮಕ್ಕಳು, ಒಂದು ಟೇಪು, ರಬ್ಬರಿಲ್ಲದ ಒಂದು ಪೆನ್ಸಿಲು, ಗೆರೆಯಿಲ್ಲದ ಒಂದು ಪುಸ್ತಕ. ಒಬ್ಬರು ಹಿಡಿಯಲಿ, ಒಬ್ಬರು ಓದಲಿ, ಒಬ್ಬರು ಬರೆಯಲಿ, ಒಬ್ಬರು ಪರೀಕ್ಷಿಸಲಿ. ಸಂಜೆಗೆ ಅವರು ಮನೆಗೆ ಬಂದು ಪುಸ್ತಕವನ್ನು ಮುಂದಿಟ್ಟಾಗ, ಅಂಕೆಗಳು ಸರಿಯಾಗಿವೆಯೇ ಎಂದು ಕೇಳುವುದಕ್ಕೆ ಮೊದಲು, ಯಾರ ಕೆಲಸ ಯಾರಿಗಾಗಿ ಕಾಯಬೇಕಾಯಿತೆಂದು ಕೇಳಿರಿ. ಉತ್ತರವನ್ನು ಅವರು ತಾವೇ ಹೇಳುವರು. ಮದುವೆಯ ಮನೆಯಲ್ಲಿ ಅಡಿಗೆಯ ಪಟ್ಟಿಯು ಜೇಬಿನಲ್ಲಿಯೇ ಉಳಿದುದು ಏಕೆಂಬುದೂ ಅವರಿಗೆ ಅಂದೇ ಅರ್ಥವಾಗುವುದು.